ಓದುಗರ ಪ್ರಶ್ನೆ: ಎಂಜಿನಿಯರ್ ಲೋಕಸಭೆಗೆ ಹೋದರೆ ಓದಿದ್ದು ವ್ಯರ್ಥವೇ?

ಪ್ರಶ್ನೆ: ನನ್ನ ಮಗ ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಕೆಲ ವರ್ಷ ನೌಕರಿ ಮಾಡಿ, ಆಮೇಲೆ ರಾಜಕೀಯಕ್ಕೆ ಇಳಿದು ಲೋಕಸಭೆಗೆ ಹೋಗಬೇಕೆಂಬುದು ಅವನ ಆಸೆ. ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ ಎಂದು ಮನೆಯ ಹಿರಿಯರು ನೊಂದುಕೊಂಡಿದ್ದಾರೆ. ಎಂಜಿನಿಯರ್ ಒಬ್ಬರು ಸಂಸತ್ತಿನಲ್ಲಿ ತಮ್ಮ ವಿದ್ಯೆಯನ್ನು ನಿಜವಾಗಿ ಬಳಸಿದ್ದುಂಟೇ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಉಂಟು. ನೀವು ಕೃಷ್ಣೆಯ ಕಾಲುವೆ ಹರಿಯುವ ಸೀಮೆಯವರಾದ್ದರಿಂದ, ಅದೇ ಕೃಷ್ಣೆಯ ಇನ್ನೊಂದು ತುದಿಯಲ್ಲಿ ಹುಟ್ಟಿದ ಡಾ. ಕೆ.ಎಲ್. ರಾವ್ ಅವರ ವೃತ್ತಿಜೀವನವನ್ನೇ ಹೇಳುತ್ತೇನೆ.

ಕಾನೂರಿ ಲಕ್ಷ್ಮಣರಾವ್ 1902ರಲ್ಲಿ ಆಂಧ್ರದ ಕೃಷ್ಣಾ ಜಿಲ್ಲೆಯ ಕಂಕಿಪಾಡಿನಲ್ಲಿ ಹುಟ್ಟಿದರು. ಶಾಲಾದಿನಗಳಲ್ಲೇ ಪೆಟ್ಟಾಗಿ ಒಂದು ಕಣ್ಣಿನ ದೃಷ್ಟಿ ಹೋಯಿತು, ಓದು ನಿಲ್ಲಲಿಲ್ಲ. ಮದರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಕಲಿತು, 1939ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1950ರಲ್ಲಿ ದೆಹಲಿಯ ಕೇಂದ್ರ ಜಲ ಮತ್ತು ವಿದ್ಯುತ್ ಆಯೋಗ ಸೇರಿ ಅಣೆಕಟ್ಟುಗಳ ವಿನ್ಯಾಸದ ಹೊಣೆ ಹೊತ್ತರು. ನಾಗಾರ್ಜುನಸಾಗರವನ್ನು ಕಾಂಕ್ರೀಟಿನ ಬದಲು ಕಲ್ಲುಗಾರೆಯಲ್ಲಿ ಕಟ್ಟಬೇಕೆಂದು ಒತ್ತಿ ಹೇಳಿದವರಲ್ಲಿ ಅವರು ಮುಖ್ಯರು. ಯಂತ್ರ ತರಿಸಲು ವಿದೇಶಿ ವಿನಿಮಯವಿಲ್ಲದ, ಸಿಮೆಂಟಿಗೂ ಕೊರತೆಯಿದ್ದ ಕಾಲದಲ್ಲಿ ಕಲ್ಲು ಮತ್ತು ಸಾವಿರಾರು ದುಡಿಯುವ ಕೈಗಳು ಮಾತ್ರ ನಮ್ಮಲ್ಲಿ ಹೇರಳವಾಗಿದ್ದವು. ಇದ್ದುದರಲ್ಲಿಯೇ ಎಷ್ಟು ಸಾಧ್ಯ ಎಂದು ನೋಡುವ ಈ ಗುಣ, ನನ್ನ ದೃಷ್ಟಿಯಲ್ಲಿ, ಎಂಜಿನಿಯರನಷ್ಟೇ ಶಾಸನ ಮಾಡುವವನಿಗೂ ಬೇಕಾದದ್ದು.

1962ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಅವರು ವಿಜಯವಾಡದಿಂದ ಲೋಕಸಭೆಗೆ ಆಯ್ಕೆಯಾದರು; ಅಲ್ಲಿಂದ ಸತತ ಮೂರು ಸಲ ಗೆದ್ದು 1977ರವರೆಗೆ ಸದಸ್ಯರಾಗಿದ್ದರು. 1963ರಲ್ಲಿ ಮಂತ್ರಿಯಾಗಿ ನೆಹರೂ, ಶಾಸ್ತ್ರಿ, ಇಂದಿರಾ ಗಾಂಧಿ ಮೂವರ ಸರ್ಕಾರಗಳಲ್ಲೂ ನೀರಾವರಿಯ ಕೆಲಸ ನೋಡಿದರು. ಅಷ್ಟರಮಟ್ಟಿಗೆ ಅವರ ವಿದ್ಯೆ ಪೂರ್ತಿ ಬಳಕೆಗೆ ಬಂತು. ಆದರೆ ವಿದ್ಯೆಯೊಂದೇ ಸಾಲದಾದ ಸಂದರ್ಭಗಳನ್ನೂ ನಿಮ್ಮ ಮಗ ಅರಿತಿರಬೇಕು.

1972ರಲ್ಲಿ ರಾವ್ ಅವರು ಗಂಗಾ–ಕಾವೇರಿ ಜೋಡಣೆಯ ಯೋಜನೆಯನ್ನು ಮುಂದಿಟ್ಟರು. ಪಟ್ನಾ ಬಳಿ ವರ್ಷದಲ್ಲಿ ಸುಮಾರು 150 ದಿನ 60,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರೆತ್ತಿ, 2,640 ಕಿಲೋಮೀಟರ್ ದೂರ ದಕ್ಷಿಣಕ್ಕೆ ಹರಿಸುವ ಯೋಚನೆ ಅದು. ಅಷ್ಟು ನೀರನ್ನು ಮೇಲೆತ್ತಲು ಬೇಕಾದ ವಿದ್ಯುತ್ತು ಮತ್ತು ಖರ್ಚಿನ ಮುಂದೆ ಯೋಜನೆ ನಿಂತುಹೋಯಿತು. ಕೃಷ್ಣೆಯ ವಿಚಾರವಂತೂ ಇನ್ನೂ ಸೂಕ್ಷ್ಮ. ನದಿಯ ಲೆಕ್ಕವನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದ ಎಂಜಿನಿಯರೇ ಮಂತ್ರಿಯಾಗಿದ್ದಾಗಲೂ ಹಂಚಿಕೆಯ ಜಗಳ ಮಾತುಕತೆಯಲ್ಲಿ ಬಗೆಹರಿಯದೆ, 1969ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಚಾವತ್ ಅವರ ನ್ಯಾಯಮಂಡಳಿ ರಚನೆಯಾಯಿತು. ನೀರೆಷ್ಟಿದೆ ಎಂದು ಎಂಜಿನಿಯರ್ ಹೇಳಬಲ್ಲ. ಅದು ಯಾರಿಗೆ ಎಷ್ಟು ಸಲ್ಲಬೇಕು ಎಂಬುದಕ್ಕೆ ಮೂರು ರಾಜ್ಯಗಳೂ ಒಪ್ಪುವಂಥ ನ್ಯಾಯ ಬೇಕಾಗುತ್ತದೆ. ಆ ಮಂಡಳಿ 2,060 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಎಂದು ಗೊತ್ತುಮಾಡಿತು. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಹೊಲಗಳಿಗೆ ಬರುವ ನೀರು ಆ 700ರ ಪಾಲಿನದೇ. ಮಗನನ್ನು ಒಮ್ಮೆ ಆ ಕಾಲುವೆಯ ಕೊನೆಯ ಹಳ್ಳಿಗೆ ಕರೆದೊಯ್ದು, ನೀರು ಅಲ್ಲಿಯವರೆಗೆ ಬರುತ್ತದೆಯೇ ಎಂದು ರೈತರನ್ನು ಕೇಳಲು ಹೇಳಿ.

ಇನ್ನು ನಿಯಮಗಳ ವಿಷಯ. ಲೋಕಸಭೆಗೆ ಸ್ಪರ್ಧಿಸಲು 25 ವರ್ಷ ತುಂಬಿರಬೇಕು, ಪದವಿ ಕಡ್ಡಾಯವಲ್ಲ. ಯಾದಗಿರಿಗೆ ತನ್ನದೇ ಲೋಕಸಭಾ ಕ್ಷೇತ್ರವಿಲ್ಲ: ಶಹಾಪುರ, ಸುರಪುರ, ಯಾದಗಿರಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ರಾಯಚೂರಿಗೂ, ಗುರುಮಠಕಲ್ ಪರಿಶಿಷ್ಟ ಜಾತಿಗೆ ಮೀಸಲಾದ ಕಲಬುರಗಿಗೂ ಸೇರಿವೆ. ಮೀಸಲು ಅನ್ವಯಿಸದಿದ್ದರೆ ಬೀದರ್‌ನಂಥ ಸಾಮಾನ್ಯ ಕ್ಷೇತ್ರದಿಂದ ನಿಲ್ಲಬಹುದು, ಏಕೆಂದರೆ ದೇಶದ ಯಾವುದೇ ಕ್ಷೇತ್ರದ ಮತದಾರನಾಗಿದ್ದರೆ ಸಾಕು. ನಡುವೆ ಸರ್ಕಾರಿ ನೌಕರಿ ಹಿಡಿದರೆ, ನಾಮಪತ್ರ ಸಲ್ಲಿಸುವ ಮೊದಲೇ ರಾಜೀನಾಮೆ ಅಂಗೀಕಾರವಾಗಿರುವಂತೆ ನೋಡಿಕೊಳ್ಳಲಿ.