ಮಂಗಳೂರಿನವರು ಆಕಾಶಗಂಗೆ ನೋಡಲು ಯಾವ ಬೀಚಿಗೆ ಹೋಗಬೇಕು?

ಮಕ್ಕಳನ್ನೂ ಕರೆದುಕೊಂಡು ಒಂದೂವರೆ ಗಂಟೆಯೊಳಗೆ ತಲುಪುವ ಬೀಚ್ ಕೇಳಿದ್ದೀರಿ. ನನ್ನ ಮಾತು ಕೇಳಿ, ಬೀಚ್ ಬಿಟ್ಟುಬಿಡಿ. ಆಕಾಶಗಂಗೆಯ ದಟ್ಟ ಭಾಗ ಧನು–ವೃಶ್ಚಿಕ ರಾಶಿಗಳ ಹತ್ತಿರ ಇರುವುದು, ಅದು ಮೂಡುವುದು ಆಗ್ನೇಯದಲ್ಲಿ. ಬೀಚಿನಲ್ಲಿ ನಿಂತರೆ ಆ ದಿಕ್ಕಿಗೆ ಬರುವುದೇ ಊರು, ಹೆದ್ದಾರಿ, ಅವುಗಳ ಬೆಳಕು. ಕತ್ತಲಿರುವುದು ಪಡುವಣದ ಸಮುದ್ರದ ಮೇಲೆ ಮಾತ್ರ. ಅಲ್ಲಿಯೂ ಉಪ್ಪುಗಾಳಿಯ ಮಸುಕು ಬೇರೆ.

ಮೂಡಕ್ಕೆ ಹೋಗಿ. ಮಂಗಳೂರಿನಿಂದಾದರೆ ಬೆಳ್ತಂಗಡಿ ಕಡೆ, ಉಡುಪಿಯಿಂದಾದರೆ ಹೆಬ್ರಿ ಕಡೆ. ಆಗ ಪೇಟೆಯ ಬೆಳಕು ಬೆನ್ನಿಗೆ ಬೀಳುತ್ತದೆ, ಎದುರಿಗೆ ಘಟ್ಟದ ಕತ್ತಲು. ಘಟ್ಟದ ರಸ್ತೆಯಲ್ಲಿ ಮಾತ್ರ ಕಾರು ನಿಲ್ಲಿಸಬೇಡಿ. ತಿರುವು, ಲಾರಿ, ಕಾಡುಪ್ರಾಣಿ ಮೂರರ ಭಯವೂ ಉಂಟು, ಕುದುರೆಮುಖ ಉದ್ಯಾನದೊಳಗೆ ರಾತ್ರಿ ನಿಲ್ಲಲು ಬಿಡುವುದೂ ಇಲ್ಲ.

ಎಲ್ಲಕ್ಕಿಂತ ಒಳ್ಳೆಯದು ಪರಿಚಯದವರ ಮನೆಯ ಅಂಗಳ ಅಥವಾ ಕೊಯ್ಲಾದ ಗದ್ದೆ. ಅಡಿಕೆ ತೋಟದ ನಡುವಿನ ಅಂಗಳವಾದರೆ ಆಕಾಶ ಕಾಣುವುದಿಲ್ಲ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಆಗ್ನೇಯದಲ್ಲಿ ಎರಡು ಮುಷ್ಟಿಗಿಂತ ಮೇಲೆ ಮರ, ಗುಡ್ಡ ಇರಬಾರದು. ಪದವಿನ (ಮರವಿಲ್ಲದ ಎತ್ತರದ ಕಲ್ಲುಬಯಲು) ಮೇಲೆ ಆಕಾಶ ಚೆನ್ನಾಗಿ ತೆರೆದಿರುತ್ತದೆ, ಆದರೆ ಕೆಂಪುಕಲ್ಲು ತೆಗೆದು ಹಾಗೇ ಬಿಟ್ಟ ಕೋರೆಗಳು ಅಲ್ಲೇ ಇರುವುದು. ಬೇಲಿ ಇಲ್ಲ, ಅಂಚು ನೇರ ಕಡಿದಂತೆ, ಕೆಲವದರಲ್ಲಿ ನೀರು. ಟಾರ್ಚಿನ ಬೆಳಕಿಗೆ ಅಂಚು ತಿಳಿಯುವುದು ತೀರಾ ಹತ್ತಿರ ಹೋದ ಮೇಲೆ. ಹಾಗಾಗಿ ಯಾವ ಜಾಗವಾದರೂ ಹಗಲಿನಲ್ಲೇ ನಡೆದು ನೋಡಿ: ಕೋರೆ, ಕಟ್ಟೆಯಿಲ್ಲದ ಬಾವಿ, ಹಂದಿಗೆಂದು ಎಳೆದ ಕರೆಂಟಿನ ತಂತಿ. ಜಾಗದವರಿಗೂ ಅಕ್ಕಪಕ್ಕದ ಮನೆಯವರಿಗೂ ಹೇಳಿಡಿ, ನಡುರಾತ್ರಿ ಗುರುತಿಲ್ಲದ ಕಾರು ನಿಂತರೆ ಜನ ಗಾಬರಿಯಾಗುತ್ತಾರೆ. ಮಕ್ಕಳಿಗೆ ಚಪ್ಪಲಿ ಬೇಡ, ಶೂ ಹಾಕಿಸಿ. ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ಕೂರಿಸಬೇಡಿ, ಹಾವಿರುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಏನೂ ಕಾಣದು. ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಬೆಳಗಿನ ಜಾವ 4ರಿಂದ 5.15ರವರೆಗೆ ನೋಡಿ. ತಿಥಿ ಅಮಾವಾಸ್ಯೆಯಿಂದ ಶುಕ್ಲ ದಶಮಿಯೊಳಗೆ ಇರಲಿ, ಆ ಹೊತ್ತಿಗೆ ಚಂದ್ರ ಮುಳುಗಿರುತ್ತಾನೆ. ಜನ ಅಮಾವಾಸ್ಯೆಯೊಂದನ್ನೇ ಹಿಡಿದು ಕೂರುತ್ತಾರೆ, ಬೆಳಗಿನ ಜಾವದ ವೀಕ್ಷಣೆಗೆ ಅದರ ನಂತರದ ಹತ್ತು ದಿನವೂ ಆಗುತ್ತದೆ. ಅದು ಬಯಲಾಟ (ಯಕ್ಷಗಾನ), ನೇಮ (ಭೂತಾರಾಧನೆ)ಗಳ ಕಾಲವೂ ಹೌದು. ಹತ್ತಿರದ ಗದ್ದೆಯಲ್ಲಿ ಆಟ ಇದ್ದರೆ ಬೆಳಗಿನವರೆಗೂ ದೀಪ ಉರಿಯುವುದುಂಟು, ಮೊದಲೇ ವಿಚಾರಿಸಿ.

ಕಣ್ಣು ಕತ್ತಲಿಗೆ ಹೊಂದಲು 20ರಿಂದ 30 ನಿಮಿಷ ಬೇಕು. ಒಬ್ಬರು ಮೊಬೈಲ್ ತೆರೆದರೂ ಅಷ್ಟೂ ಹೊತ್ತು ಕಾದದ್ದು ವ್ಯರ್ಥ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಮಡಿಕೆ ಕಟ್ಟಿ, ಮನೆಯವರಿಗೆ ಅಂಗಳದ ಲೈಟ್ ಆರಿಸಲು ಹೇಳಿ. ಬೈನಾಕ್ಯುಲರ್ ಇದ್ದರೆ 7×50 ಅಥವಾ 10×50 (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಎದುರಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ) ಸಾಕು. ಎಸಿ ಕಾರಿನಿಂದ ನೇರ ಹೊರಗೆ ತಂದರೆ ತಣ್ಣಗಿನ ಗಾಜಿನ ಮೇಲೆ ನಮ್ಮ ತೇವದ ಗಾಳಿ ಕೂಡಲೇ ಮಂಜಾಗಿ ಕೂರುತ್ತದೆ. ತಲುಪುವ ಕಾಲು ಗಂಟೆ ಮೊದಲೇ ಎಸಿ ನಿಲ್ಲಿಸಿ, ಕಿಟಕಿ ಇಳಿಸಿ, ಬೈನಾಕ್ಯುಲರನ್ನು ಚೀಲದೊಳಗೇ ಬೆಚ್ಚಗಾಗಲು ಬಿಡಿ. ಮಂಜು ಕೂತರೆ ಅಂಗಿಯ ತುದಿಯಿಂದ ಉಜ್ಜಬೇಡಿ, ಗಾಜಿನ ಲೇಪನಕ್ಕೆ ಗೀರು ಬೀಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನೇ ಆರುತ್ತದೆ.