ಸೊಳ್ಳೆ ಮರಿಗೆ ಹಾಕುವ ಬೀಜದ ರಸವನ್ನು ನಾವೂ ಕುಡಿಯಬಹುದಾ?

ಬೇವು, ಸೀತಾಫಲದ ಬೀಜ ಅರೆದು ತೊಟ್ಟಿಗೆ ಹಾಕಿದರೆ ಸೊಳ್ಳೆ ಮರಿ ಸಾಯುತ್ತವಾ, ಅದರಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತಲ್ಲ, ಕುಡಿಯಲೂಬಹುದಾ ಅಂತ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಕುಡಿಯಬೇಡಿ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಇಲ್ಲಿ ಬೇವಿನ ಮರ ಅಪರೂಪ, ಬಯಲುಸೀಮೆಯ ನೆಂಟರಿಂದ ಬೀಜ ತರಿಸಿದ್ದೆ. ಲೀಟರಿಗೆ 50 ಗ್ರಾಂ ತಿರುಳು ಜಜ್ಜಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ ಕೊಟ್ಟಿಗೆ ಹಿಂದಿನ ಡ್ರಮ್ಮಿಗೆ ಸುರಿದೆ. ಮರುದಿನ ನೋಡಿದರೆ ಮರಿಗಳು ಆರಾಮಾಗಿ ಕುಣಿಯುತ್ತಿವೆ! ಸುಮ್ನೆ ಕಷ್ಟಪಟ್ಟೆ ಅಂದುಕೊಂಡೆ. ಆದರೆ ಅವು ಕೊನೆಗೂ ಸೊಳ್ಳೆಯಾಗಲೇ ಇಲ್ಲ. ಪಕ್ಕದ ಬಕೆಟ್ಟಿನವು ಮಾತ್ರ ವಾರದೊಳಗೆ ಹಾರಿ ನಮ್ಮನ್ನೇ ಕಚ್ಚಿದವು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಕೆಲಸ ಮಾಡುವುದೇ ಹಾಗೆ. ಮರಿ ಬೆಳೆಯಬೇಕಾದರೆ ಮತ್ತೆ ಮತ್ತೆ ಪೊರೆ ಬಿಡಬೇಕಲ್ವಾ, ಅದಕ್ಕೆ ಬೇಕಾದ ಹಾರ್ಮೋನನ್ನೇ ಇದು ಕೆಡಿಸುತ್ತದೆ. ಆದರೆ ಬಿಸಿಲಿಗೆ ಕೆಲವೇ ದಿನದಲ್ಲಿ ಸತ್ವ ಹೋಗುತ್ತದೆ, ಮತ್ತೆ ಹಾಕಬೇಕು. ವಾಸನೆಗೆ ಮನೆಯಲ್ಲಿ ಬೈಸಿಕೊಂಡಿದ್ದು ಬೇರೆ.

ಸೀತಾಫಲದ ಬೀಜ ಇನ್ನೂ ಜೋರು. ಅದರಲ್ಲಿರುವ ಅಸಿಟೋಜೆನಿನ್‌ಗಳು ಜೀವಕೋಶಕ್ಕೆ ಶಕ್ತಿ ಹುಟ್ಟುವುದನ್ನೇ ತಡೆಯುತ್ತವೆ. ಮೀನಿಗೂ ವಿಷ, ಸೊಳ್ಳೆ ಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟ ತೊಟ್ಟಿಗೆ ಹಾಕಲೇಬೇಡಿ. ಅರೆದ ಕೈಯಲ್ಲಿ ಕಣ್ಣುಜ್ಜಿದರೆ ಕಣ್ಣಿಗೇ ಪೆಟ್ಟು.

ಇನ್ನು ಆಂಟಿಆಕ್ಸಿಡೆಂಟ್ ಮಾತು. ಲ್ಯಾಬಿನಲ್ಲಿ ಡಿಪಿಪಿಎಚ್ ಎಂಬ ನೇರಳೆ ದ್ರಾವಣಕ್ಕೆ ರಸ ಬೆರೆಸುತ್ತಾರೆ, ಬಣ್ಣ ಹಳದಿಗೆ ತಿರುಗಿದರೆ ಗುಣ ಇದೆ ಅಂತ ಲೆಕ್ಕ. ಸೊಳ್ಳೆಯ ಪರೀಕ್ಷೆಯೇ ಬೇರೆ. ಲೋಟದ ನೀರಿಗೆ 25 ಮರಿ ಬಿಟ್ಟು, 24 ಗಂಟೆ ಕಳೆದ ಮೇಲೆ ಸತ್ತವನ್ನು ಎಣಿಸುತ್ತಾರೆ. ಎರಡೂ ಒಂದೇ ಪ್ರಬಂಧದಲ್ಲಿ ಬಂದರೆ ನಾವು ಕೂಡಿಸಿ ಓದಿ ಕಷಾಯ ಮಾಡಿಬಿಡುತ್ತೇವೆ. ಗಾಜಿನ ಕೊಳವೆಯಲ್ಲಿ ಬಣ್ಣ ಹೋದ ಮಾತ್ರಕ್ಕೆ ಅದು ಹೊಟ್ಟೆಗೆ ಒಳ್ಳೆಯದಾಗುತ್ತಾ?

ನಮ್ಮಲ್ಲಿ ಸೊಳ್ಳೆ ಜಾಸ್ತಿ ಹುಟ್ಟುವುದು ತೊಟ್ಟಿಯಲ್ಲಲ್ಲ, ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ. ಬೊಗಸೆ ನೀರು ನಿಂತರೆ ಡೆಂಗಿ ಹರಡುವ ಏಡಿಸ್ ಸೊಳ್ಳೆಗೆ ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಹಾಳೆ, ತೆಂಗಿನ ಕರಟ ಎಲ್ಲ ಮಗುಚಿ ಹಾಕುತ್ತೇನೆ. ಬೇವಿನ ರಸ ಏನಿದ್ದರೂ ಮಗುಚಲಾಗದ ಆ ಡ್ರಮ್ಮಿಗೆ. ಕುಡಿಯುವ ನೀರಿನ ತೊಟ್ಟಿಗೆ ಹಳೆ ಪಂಚೆ ಬಿಗಿದು ಕಟ್ಟಿದ್ದೇನೆ.