ಮಠದವರೇ ಬರೆದಿಟ್ಟ ದಾನಪತ್ರಗಳನ್ನು ನಂಬಬಹುದಾ?

ನಿಮ್ಮ ಪ್ರಶ್ನೆ ಇದು: ಮಧ್ಯಯುಗದ ಯುರೋಪಿನ ಮಠಗಳು ತಮಗೆ ಬಂದ ದಾನಪತ್ರಗಳನ್ನು ತಾವೇ ನಕಲು ಮಾಡಿ ಪುಸ್ತಕ ಕಟ್ಟಿಟ್ಟವು. ದಾನ ಪಡೆದವರೇ ಬರೆದದ್ದನ್ನು ಇತಿಹಾಸಕ್ಕೆ ಆಧಾರ ಎನ್ನಬಹುದಾ?

ಖಂಡಿತ ಎನ್ನಬಹುದು. ಆದರೆ ಆ ಪುಸ್ತಕವನ್ನು ಯಾಕೆ ಬರೆದರು ಎನ್ನುವುದು ಮೊದಲು ಗೊತ್ತಿರಬೇಕು. ನಾನು ಜಾಸ್ತಿ ಓದಿರುವುದು ಜರ್ಮನಿಯ ಲೋರ್ಷ್ ಮಠದ ಸಂಗ್ರಹವನ್ನು, ಅದನ್ನೇ ತೆಗೆದುಕೊಳ್ಳೋಣ. ಮಠ ಶುರುವಾದದ್ದು 764ರಲ್ಲಿ. ಪುಸ್ತಕ ಸಿದ್ಧವಾದದ್ದು 12ನೇ ಶತಮಾನದ ಕೊನೆಯಲ್ಲಿ. ಅಷ್ಟರಲ್ಲಿ ಮಠದ ಆಸ್ತಿ ಎಷ್ಟೋ ಕೈತಪ್ಪಿತ್ತು. ಇದು ನಮ್ಮದು ಎಂದು ತೋರಿಸಲು ದಾಖಲೆ ಬೇಕಿತ್ತು. ಹಾಗಾಗಿ 3,800ಕ್ಕೂ ಹೆಚ್ಚು ದಾಖಲೆಗಳನ್ನು ಒಂದು ಕಡೆ ಸೇರಿಸಿದರು.

ಬರೆದವರು ಎಲ್ಲವನ್ನೂ ಇದ್ದ ಹಾಗೆ ಇಳಿಸಲಿಲ್ಲ. ಎಷ್ಟೋ ಪತ್ರಗಳನ್ನು ಮೊಟಕು ಮಾಡಿದರು, ಸಾಕ್ಷಿಗಳ ಹೆಸರುಗಳನ್ನು ಬಿಟ್ಟುಬಿಟ್ಟರು. ನನಗೆ ತುಂಬಾ ನೋವಾಗುವುದು ಇಲ್ಲೇ. ಯಾರು ಯಾರ ನೆಂಟರು, ಯಾರ ಪಕ್ಕ ಯಾರು ನಿಲ್ಲುತ್ತಿದ್ದರು ಎಂದು ತಿಳಿಯಲು ಆ ಹೆಸರುಗಳೇ ದಾರಿ. ಮೂಲ ಪತ್ರಗಳು ಹೆಚ್ಚುಕಡಿಮೆ ಎಲ್ಲವೂ ಕಳೆದುಹೋಗಿವೆ.

ನಕಲಿ ಪತ್ರಗಳ ಚಿಂತೆ ಹಳೆಯದು. ಲಿಪಿ, ಮುದ್ರೆ, ಭಾಷೆ ನೋಡಿ ಅಸಲಿ ಯಾವುದು ಎಂದು ಪರೀಕ್ಷಿಸುವ ಕ್ರಮವನ್ನು ಫ್ರಾನ್ಸಿನ ಸನ್ಯಾಸಿ ಮಾಬಿಯೋನ್ 1681ರಲ್ಲೇ ವಿವರವಾಗಿ ಬರೆದರು.

ಇನ್ನು, ಸಣ್ಣ ದಾನಗಳಲ್ಲಿ ಸಿಗುವ ವಿವರಗಳನ್ನು ನೋಡಿ. ಒಬ್ಬ ಹೆಂಗಸು ಒಂದು ದ್ರಾಕ್ಷಿತೋಟ ಕೊಡುತ್ತಾಳೆ. ಇನ್ನೊಬ್ಬ ಹೊಲದ ಜೊತೆಗೆ ಜೀತದಾಳುಗಳನ್ನೂ ಕೊಡುತ್ತಾನೆ. ಮಠ ಇದನ್ನೆಲ್ಲ ಬರೆದದ್ದು ಆಸ್ತಿಯ ಲೆಕ್ಕಕ್ಕೆ. ಆದರೆ ಆ ಕಾಲದ ಸಾಮಾನ್ಯ ಜನರ ಬಗ್ಗೆ ಬೇರೆ ಯಾರೂ ಇಷ್ಟು ಬರೆದಿಡಲಿಲ್ಲ ಅಲ್ವಾ?

ಒಂದು ತಪ್ಪು ಮಾತ್ರ ಮಾಡಬೇಡಿ. ಹೈಡಲ್‌ಬರ್ಗ್‌ನ ಭಾಗವಾಗಿರುವ ನೋಯೆನ್‌ಹೈಮ್‌ನ ಹೆಸರು ಈ ಸಂಗ್ರಹದಲ್ಲಿ ಮೊದಲು ಬರುವುದು 765ರ ದಾನದಲ್ಲಿ. ಅಂಥ ವರ್ಷವನ್ನೇ ಹಿಡಿದು ಎಷ್ಟೋ ಊರುಗಳು ಹುಟ್ಟುಹಬ್ಬ ಮಾಡುತ್ತವೆ. ಆದರೆ ಅಲ್ಲಿ ಯಾರೋ ಜಮೀನು ದಾನ ಕೊಟ್ಟರು ಎಂದರೆ ಊರು ಅದಕ್ಕಿಂತ ಮೊದಲೇ ಇತ್ತು.

ಓದುವುದಾದರೆ ಯಾವುದಾದರೂ ಒಂದು ಊರನ್ನು ಹಿಡಿದುಕೊಳ್ಳಿ. ಪುಸ್ತಕದಲ್ಲಿ ದಾನಗಳನ್ನು ಪ್ರದೇಶದ ಪ್ರಕಾರ ಜೋಡಿಸಿದ್ದಾರೆ, ಒಂದು ಊರಿನವು ಹತ್ತಿರ ಹತ್ತಿರ ಸಿಗುತ್ತವೆ. ಹತ್ತಿಪ್ಪತ್ತು ಪತ್ರ ಓದುವಷ್ಟರಲ್ಲಿ ಕೆಲವು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಅವರು ಯಾರು ಎಂದು ಹುಡುಕಲು ಅಲ್ಲಿಂದ ಶುರು ಮಾಡಿ.